ಗೋಡೆ ತುಂಬ ನಿಂತ ಗಡಿಯಾರ

ಹದಿನೈದೇ ದಿನದಲ್ಲಿ ಈ ಪರದೇಶದ ಊರನ್ನು ನನ್ನದಾಗಿಸಿಕೊಳ್ಳುತ್ತೇನೆ ಎಂದು ವಿಮಾನದಲ್ಲೇ ಹೆಂಡತಿಗೆ ಘೋಷಿಸಿದ್ದೆ. ಇಪ್ಪತ್ತೆರಡು ವರ್ಷ ಗಣಿತ ಕಲಿಸಿದವನು ನಾನು. ಭಾಗಾಕಾರ ಕಂಡರೆ ಜ್ವರ ಬರುತ್ತಿದ್ದ ಮಕ್ಕಳನ್ನೆಲ್ಲ ದಡ ಸೇರಿಸಿದವನಿಗೆ ಒಂದು ಭಾಷೆ ಯಾವ ಲೆಕ್ಕ! ಹೊಸ ಶಾಲೆಯಲ್ಲಿ ಪಾಠವೇನೋ ಇಂಗ್ಲಿಷಿನಲ್ಲೇ. ಆದರೆ ಅಂಗಡಿಗೆ, ಮೆಟ್ಟಿಲಿಗೆ, ನೆರೆಹೊರೆಗೆ ಆ ಊರಿನ ಮಾತೇ ಬೇಕಿತ್ತು. ಅದಕ್ಕಾಗಿ ಕೈಪಿಡಿಯೊಂದನ್ನು ಕೊಂಡು ಎರಡು ವಾಕ್ಯ ಉರುಹೊಡೆದೆ. ಒಂದು, ನಾನು ಹೊಸ ಮೇಷ್ಟ್ರು. ಇನ್ನೊಂದು, ಬಹಳ ಸಂತೋಷ, ಧನ್ಯವಾದ.

"ಎರಡೇ ಸಾಕಾ?" ಎಂದಳು ಹೆಂಡತಿ.

"ಮೇಷ್ಟ್ರು ಅಂತ ಗೊತ್ತಾದ್ಮೇಲೆ ಮಿಕ್ಕಿದ್ದನ್ನ ಅವರೇ ಮಾತಾಡ್ತಾರೆ. ನೀನು ಸುಮ್ನೆ ನನ್ನ ಹಿಂದೆ ಬಾ."

ನಮಗೆ ಸಿಕ್ಕಿದ್ದು ಮೂರನೇ ಮಹಡಿಯ ಎರಡು ಕೋಣೆಯ ಮನೆ. ಶಾಲೆ ಶುರುವಾಗಲು ಇನ್ನೂ ಹತ್ತು ದಿನವಿತ್ತು. ಬೆಳಗಾದರೆ ಕಿಟಕಿಯಾಚೆ ಮಂಜು. ಎದುರಿನ ಕಟ್ಟಡ ಅರ್ಧ ಅಳಿಸಿದ ಲೆಕ್ಕದ ಹಾಗೆ ಮಸುಕಾಗಿ ನಿಂತಿರುತ್ತಿತ್ತು. ಟ್ರಾಮಿನ ಗಂಟೆ ಎಲ್ಲೋ ನೀರಿನೊಳಗಿಂದ ಬಂದಂತೆ ಕೇಳುತ್ತಿತ್ತು. ನಾನು ಆ ಬೆಳಕಿನಲ್ಲಿ ತೇಲುತ್ತಾ ಮೆಟ್ಟಿಲಿಳಿದು, ಎದುರಾದವರಿಗೆಲ್ಲ ನನ್ನ ಮೊದಲನೇ ವಾಕ್ಯವನ್ನು ದಾನ ಮಾಡಿದೆ.

ಫಲ ಮಾರನೇ ದಿನವೇ ಬಂತು. ಕೆಳಮನೆಯ ಅಜ್ಜಿ ಮರದ ಚೌಕಟ್ಟಿನ ಗೋಡೆ ಗಡಿಯಾರವೊಂದನ್ನು ಎದೆಗವಚಿಕೊಂಡು ಬಂದು ನನ್ನ ಕೈಗಿಟ್ಟರು. ನಾನು ಬಾಗಿ ಎರಡನೇ ವಾಕ್ಯ ಒಪ್ಪಿಸಿದೆ. ಸಂಜೆ ಎದುರುಮನೆಯ ದರ್ಜಿ ಇನ್ನೊಂದು ಗಡಿಯಾರ ತಂದ. ಆಮೇಲೆ ಬ್ರೆಡ್ ಅಂಗಡಿಯವಳು, ಬಸ್ ಚಾಲಕ, ಅವನ ಅತ್ತೆ. ವಾರದೊಳಗೆ ಒಂಬತ್ತು!

"ನೋಡಿದೆಯಾ, ಮೇಷ್ಟ್ರು ಅಂದ್ರೆ ಇಲ್ಲಿ ಎಂಥ ಮರ್ಯಾದೆ," ಎಂದು ಹೇಳುತ್ತಲೇ ಮೊಳೆ ಹೊಡೆದು ಒಂಬತ್ತನ್ನೂ ಗೋಡೆಗೆ ನೇತುಹಾಕಿದೆ.

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಗೋಡೆ ನೋಡಿದಳು. "ಒಂದೂ ಓಡ್ತಿಲ್ವಲ್ರೀ. ಕೆಟ್ಟಿದ್ದನ್ನ ಯಾರಾದ್ರೂ ಉಡುಗೊರೆ ಕೊಡ್ತಾರಾ?"

ನಿಮ್ಮ ಜೊತೆಗಿದ್ದರೆ ಕಾಲವೇ ನಿಂತುಬಿಡಲಿ ಎಂಬ ಹಾರೈಕೆ ಇರಬೇಕು ಎಂದು ನಾನು ವಿವರಿಸಿದೆ. ಹೇಳಿದ ಮೇಲೆ ನನಗೇ ಅದು ನಿಜವೆನ್ನಿಸಿತು. ಮಧ್ಯಾಹ್ನ ಕುರ್ಚಿಯಲ್ಲಿ ಕೂತರೆ ಒಂದು ಗೋಡೆಯಲ್ಲಿ ಒಂಬತ್ತು ಹೊತ್ತು. ಅಜ್ಜಿಯ ಗಡಿಯಾರದಲ್ಲಿ ಬೆಳಗಿನ ಆರೂಕಾಲು, ದರ್ಜಿಯದರಲ್ಲಿ ಊಟದ ಸಮಯ, ಅತ್ತೆಯದರಲ್ಲಿ ದೀಪ ಹಚ್ಚುವ ವೇಳೆ. ಯಾವ ಹೊತ್ತಿಗೆ ಬೇಕಾದರೂ ಹೋಗಿ ಬರಬಹುದಿತ್ತು. ಬಿಟ್ಟು ಬಂದ ಊರು ದೂರವಿರಲಿಲ್ಲ, ಬಂದ ಊರು ಹೊಸದಾಗಿರಲಿಲ್ಲ. ಮಂಜು ಕಿಟಕಿಗೆ ಒರಗಿಕೊಂಡು ನನ್ನ ಜೊತೆಗೇ ತೂಕಡಿಸುತ್ತಿತ್ತು.

ಆ ತೂಕಡಿಕೆಯನ್ನು ಮುರಿದದ್ದು ಅಜ್ಜಿ. ಒಳಗೆ ಬಂದವರು ತಮ್ಮ ಗಡಿಯಾರ ಗೋಡೆಯ ಮೇಲಿರುವುದನ್ನು ಕಂಡು ಉದ್ದಕ್ಕೆ ಏನೋ ಕೇಳಿದರು. ನಾನು ಬಾಗಿ, ಬಹಳ ಸಂತೋಷ, ಧನ್ಯವಾದ ಎಂದೆ. ಅವರು ಮತ್ತೆ ಕೇಳಿದರು. ನಾನು ಇನ್ನೂ ಬಾಗಿದೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಹೊರಟುಹೋದರು. ಅಂದು ಸಂಜೆಯೇ ಮುಖ್ಯೋಪಾಧ್ಯಾಯಿನಿಯ ಫೋನು. ಬಂದು ಹತ್ತು ದಿನವಾಗಿಲ್ಲ, ರಿಪೇರಿ ಮಾಡಿಕೊಡುತ್ತೇನೆಂದು ಒಂಬತ್ತು ಮನೆಯ ಗಡಿಯಾರ ಇಟ್ಟುಕೊಂಡಿದ್ದೀರಂತೆ, ಇದೇನು ಕಥೆ ಎಂದು ಅವರು ಇಂಗ್ಲಿಷಿನಲ್ಲಿ ಬಹಳ ಮೆಲ್ಲಗೆ ಕೇಳಿದರು. ಆ ಮೆಲುದನಿಯಲ್ಲಿ ನನಗೆ ವಾಪಸು ವಿಮಾನದ ಸದ್ದು ಕೇಳಿಸಿತು.

ಆದದ್ದಿಷ್ಟು. ಆ ಭಾಷೆಯಲ್ಲಿ ಒಂದು ದೀರ್ಘ ಎಳೆದರೆ ಮೇಷ್ಟ್ರು, ಎಳೆಯದಿದ್ದರೆ ಗಡಿಯಾರ ರಿಪೇರಿಯವನು. ನಾನು ಎಳೆದಿರಲಿಲ್ಲ. ನನ್ನ ಕೀರ್ತಿ ಹ್ರಸ್ವವಾಯಿತು, ಅವಮಾನ ದೀರ್ಘವಾಯಿತು.

"ಈಗೇನು ಮಾಡೋದೇ?" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ನೀವು ಸುಮ್ನೆ ನನ್ನ ಹಿಂದೆ ಬನ್ನಿ," ಎಂದಳು.

ಐದಕ್ಕೆ ಸೆಲ್ ಮುಗಿದಿತ್ತು ಅಷ್ಟೇ. ಎರಡನ್ನು ಅವಳೇ ಬಿಚ್ಚಿ ಧೂಳು ಕೊಡವಿದಳು, ಓಡತೊಡಗಿದವು. ಉಳಿದೆರಡನ್ನು ಮೂಲೆಯಂಗಡಿಯ ನಿಜವಾದ ರಿಪೇರಿಯವನ ಮುಂದಿಟ್ಟು ಕೈಸನ್ನೆಯಲ್ಲೇ ಎಲ್ಲ ತಿಳಿಸಿದಳು. ಅವನು ನಕ್ಕೂ ನಕ್ಕೂ ಕಣ್ಣಿನ ಭೂತಗನ್ನಡಿ ಬೀಳಿಸಿಕೊಂಡ. ಆಮೇಲೆ ಮನೆಮನೆಗೆ ಮೆರವಣಿಗೆ. ಮುಂದೆ ಅವಳು, ಹಿಂದೆ ಗಡಿಯಾರ ಹೊತ್ತ ನಾನು. ಪ್ರತಿ ಮನೆಯಲ್ಲೂ ಅವಳನ್ನು ಕೂರಿಸಿಕೊಂಡು ಚಹಾ ಕೊಟ್ಟರು, ಮಾತಿಗೆಳೆದರು. ಅವಳು ಲೋಟ ತೋರಿಸಿ ಇದಕ್ಕೇನಂತಾರೆ ಎಂದು ಕೇಳುವಳು, ಅವರು ಹೇಳುವರು, ಇವಳು ತಪ್ಪಾಗಿ ಹೇಳಿ ಎಲ್ಲರಿಗಿಂತ ಮೊದಲು ನಗುವಳು. ನಾನು ತಪ್ಪಾದೀತೆಂದು ಬಾಯಿಯನ್ನೇ ತೆರೆಯದೆ ಬಿಸ್ಕತ್ತು ತಿಂದೆ.

ಚಳಿಗಾಲ ಕಳೆದು, ಮಂಜು ಕರಗಿ ಎದುರಿನ ಕಟ್ಟಡ ಪೂರ್ತಿ ಕಾಣುವಷ್ಟರಲ್ಲಿ ಅವಳು ಅಜ್ಜಿಯ ಮಂಡಿನೋವಿನಿಂದ ಹಿಡಿದು ಬಸ್ ಚಾಲಕನ ಅತ್ತೆಯ ಕೋಪದವರೆಗೆ ಎಲ್ಲವನ್ನೂ ಆ ಭಾಷೆಯಲ್ಲೇ ಬಲ್ಲವಳಾಗಿದ್ದಳು. ಹೊಸದಾಗಿ ಬಂದ ಪರದೇಶದವರಿಗೆ ಊರಿನ ಮಾತು ಕಲಿಸಲು ಶಾಲೆಯಲ್ಲಿ ಸಂಜೆ ತರಗತಿ ಶುರುವಾದಾಗ ಮುಖ್ಯೋಪಾಧ್ಯಾಯಿನಿ ನೇರ ನಮ್ಮ ಮನೆಗೆ ಬಂದರು. ನಾನು ಅಂಗಿಯ ಗುಂಡಿ ಹಾಕಿಕೊಂಡು ಸಿದ್ಧನಾದೆ. ಅವರು ನನ್ನನ್ನು ದಾಟಿ ಅಡುಗೆಮನೆಗೆ ಹೋಗಿ ಅವಳ ಕೈಕುಲುಕಿದರು. ನನ್ನ ಹೆಸರು ವಿದ್ಯಾರ್ಥಿಗಳ ಪಟ್ಟಿಯಲ್ಲಿ ಮೊದಲಿತ್ತು.

ಮೊನ್ನೆ ಮೊದಲ ಪರೀಕ್ಷೆಯ ಕಾಗದ ಕೈಗೆ ಬಂತು. ಇಪ್ಪತ್ತೈದಕ್ಕೆ ಏಳು. ಕೆಳಗೆ ಕೆಂಪು ಶಾಯಿಯಲ್ಲಿ, ನನಗೆ ಚೆನ್ನಾಗಿ ಪರಿಚಯವಿರುವ ದುಂಡನೆಯ ಅಕ್ಷರದಲ್ಲಿ, ಟೀಚರ್ ಬರೆದಿದ್ದರು: "ಬಹಳ ಹಿಂದಿದ್ದಾರೆ. ಮನೆಯಲ್ಲಿ ತಿಳಿದವರು ಯಾರಾದರೂ ಇದ್ದರೆ ಅವರ ಮಾತು ಕೇಳುವುದು."