ಗಿರಣಿ ನಿಂತ ಮಧ್ಯಾಹ್ನ

ಯಶವಂತಪುರದ ಕಾಶಿನಾಥನಿಗೆ ಈ ಲೋಕದಲ್ಲಿ ಶತ್ರು ಅಂತ ಇದ್ದದ್ದು ಒಂದೇ, ಎದುರುಗಡೆಯ ಹಿಟ್ಟಿನ ಗಿರಣಿ. ಗಿರಣಿಯ ಮಾಲೀಕ ಮುನಿಯಣ್ಣನ ಮೇಲೆ ಅವನಿಗೆ ಯಾವ ದ್ವೇಷವೂ ಇರಲಿಲ್ಲ. ಆದರೆ ಆ ಗಿರಣಿಯ ಮೋಟಾರು ತಿರುಗತೊಡಗಿತೆಂದರೆ ಕಾಶಿನಾಥನ ರೇಡಿಯೋ ಗಂಟಲು ಕಟ್ಟಿದವರ ಹಾಗೆ ಗರಗರ ಅನ್ನುತ್ತಿತ್ತು.

ಅವನು ರಾಣೆಬೆನ್ನೂರಿನ ಕಡೆಯವನು. ಇಲ್ಲಿನ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತ. ಹತ್ತು ವರ್ಷದ ಹಿಂದೆ ಸಂಡೇ ಬಜಾರಿನಲ್ಲಿ ಕೊಂಡ ಹಳೆಯ ರೇಡಿಯೋದಲ್ಲಿ ಸಿಲೋನಿನ ಹಾಡು ಹುಡುಕುತ್ತ ಮುಳ್ಳು ತಿರುಗಿಸುತ್ತಿದ್ದಾಗ, ಯಾವುದೋ ದೂರದೇಶದ ಸ್ಟೇಷನ್ನಿನಲ್ಲಿ ಒಟ್ಟೋ ವೆರೆಸ್ಕಿ ಎಂಬ ಮುದುಕ ಪಿಯಾನೊ ಬಾರಿಸುತ್ತಿದ್ದ. ಮುಳ್ಳು ಅಲ್ಲೇ ನಿಂತಿತು. ಕಾಶಿನಾಥನ ಬುದ್ಧಿಯೂ ಅಲ್ಲೇ ನಿಂತಿತು ಎನ್ನುವುದು ಅವನ ಹೆಂಡತಿ ಗಂಗಾದೇವಿಯ ಅಭಿಪ್ರಾಯ.

“ಏನೈತ್ರಿ ಅದರಾಗ? ಹಾಡಿಲ್ಲ, ಮಾತಿಲ್ಲ, ಬರೇ ಟಣ್ ಟಣ್” ಅಂತ ಅವಳು ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ: “ಅದನ್ನ ಹೇಳಾಕ ಬರಂಗಿಲ್ಲ ಗಂಗಾ. ಕೇಳಬೇಕು.”

ವೆರೆಸ್ಕಿಯ ಒಂದು ಕನ್ಚೆರ್ಟೊ ಎಂದರೆ ಕಾಶಿನಾಥನಿಗೆ ಪ್ರಾಣ. ಅದರಲ್ಲಿ ಒಂದು ಕಡೆ ಎಂಬತ್ತು ಜನ ವಾದ್ಯದವರು, ಇನ್ನೊಂದು ಕಡೆ ಮುದುಕನೊಬ್ಬನೇ. ಮೊದಲನೆಯ ಭಾಗದಲ್ಲಿ ಇಬ್ಬರಿಗೂ ಜಿದ್ದು. ಎರಡನೆಯದರಲ್ಲಿ ಮುದುಕ ಸೋತವನ ಹಾಗೆ ಒಬ್ಬನೇ ಕೂತು ನಿಧಾನಕ್ಕೆ ದುಃಖ ತೋಡಿಕೊಳ್ಳುತ್ತಾನೆ. ಮೂರನೆಯದರಲ್ಲಿ ಎದ್ದು ಎಲ್ಲರನ್ನೂ ಗೆಲ್ಲುತ್ತಾನಂತೆ. “ಅಂತೆ” ಯಾಕೆಂದರೆ ಆ ಮೂರನೆಯ ಭಾಗ ಕಾಶಿನಾಥನ ಹಣೆಯಲ್ಲಿ ಬರೆದಿರಲಿಲ್ಲ. ಮೊದಲ ಸಲ ಅಷ್ಟು ಹೊತ್ತಿಗೆ ಕರೆಂಟು ಹೋಯಿತು. ಎರಡನೆಯ ಸಲ ಊರಿಂದ ಸೋದರಮಾವ ರೊಟ್ಟಿ ಗಂಟಿನ ಸಮೇತ ಬಾಗಿಲಿಗೆ ಬಂದ.

ಈಗ ಆ ಸ್ಟೇಷನ್ನಿನವರು ಅಂಚೆಯಲ್ಲಿ ಕಳಿಸುವ ಕಾರ್ಯಕ್ರಮದ ಪಟ್ಟಿ ಬಂದಿತ್ತು. ಎಪ್ಪತ್ತೊಂದು ತುಂಬಿದ ವೆರೆಸ್ಕಿಯ ಕಟ್ಟಕಡೆಯ ಕಛೇರಿ. ಅದೇ ಕನ್ಚೆರ್ಟೊ. ಗುರುವಾರ ಮಧ್ಯಾಹ್ನ ಮೂರೂವರೆಗೆ, ಒಂದೇ ಒಂದು ಸಲ. ಇದಾದ ಮೇಲೆ ಮುದುಕ ಪಿಯಾನೊದ ಮುಚ್ಚಳ ಮುಚ್ಚಿಬಿಡುತ್ತಾನೆ.

ಗುರುವಾರ ಬೆಳಿಗ್ಗೆಯೇ ಕಾಶಿನಾಥ ಗಿರಣಿಯ ಮುಂದೆ ಹಾಜರಾದ.

“ಮುನಿಯಣ್ಣಾರ, ಇವತ್ತೊಂದಿನ ಮೂರೂವರಿಯಿಂದ ನಾಕೂಕಾಲ್ ತನಕ ಗಿರಣಿ ಬಂದ್ ಇಡ್ರಿ. ಕೈ ಮುಗೀತೀನಿ.”

ಮುನಿಯಣ್ಣ ಮೈಗೆಲ್ಲ ಹಿಟ್ಟು ಮೆತ್ತಿಕೊಂಡು ನಿಂತಿದ್ದ. “ಅಂಗೆಲ್ಲ ಆಗಾಕಿಲ್ಲ ಸಾಮಿ. ನಾಡಿದ್ದು ಅಬ್ಬ. ರಾಗಿ ಡಬ್ಬ ಅಲ್ಲೀಗಂಟ ಸಾಲು ನಿಂತವೆ ನೋಡಿ. ನಮ್ಮಪ್ಪನ ಕಾಲ್ದಿಂದ್ಲೂ ಇಂಗೇಯ. ಯಾರಾನ ದೊಡ್ ಮನ್ಸ ಸತ್ರೆ ಮಾತ್ರ ಮಿಸನ್ ನಿಲ್ಸೋದು.”

ಯಾರನ್ನಾದರೂ ಸಾಯಿಸುವುದು ಕಾಶಿನಾಥನಂಥ ಸಾಧು ಪ್ರಾಣಿಯ ಕೈಲಾಗುವ ಕೆಲಸವಲ್ಲ. ಸುಮ್ಮನೆ ಕಾರ್ಖಾನೆಗೆ ಹೋಗಿ, ಹಲ್ಲುನೋವು ಅಂತ ಅರ್ಧ ದಿನ ರಜ ಬರೆದುಕೊಟ್ಟು ಮನೆಗೆ ಬಂದ.

ಮೂರೂವರೆಗೆ ಸರಿಯಾಗಿ ಕನ್ಚೆರ್ಟೊ ಶುರುವಾಯಿತು. ಗಿರಣಿಯೂ ಶುರುವಾಯಿತು. ಎಂಬತ್ತು ಜನರ ಜೊತೆಗೆ ಮುನಿಯಣ್ಣನೂ ಸೇರಿ ಮುದುಕನ ಮೇಲೆ ಬಿದ್ದಹಾಗಿತ್ತು. ಕಾಶಿನಾಥ ಕಂಬಳಿ ತಂದು ರೇಡಿಯೋ ಮತ್ತು ತನ್ನ ತಲೆ ಎರಡನ್ನೂ ಸೇರಿಸಿ ಹೊದ್ದುಕೊಂಡ. ಗಂಗಾದೇವಿ ಅಡುಗೆಮನೆಯಿಂದ ಇಣುಕಿ, ಹಣೆ ಚಚ್ಚಿಕೊಂಡು ಒಳಗೆ ಹೋದಳು.

ಹೇಗೋ ಮೊದಲನೆಯ ಭಾಗ ದಾಟಿ ಎರಡನೆಯದು ಬಂತು. ಪಿಟೀಲುಗಳು ಮೆಲ್ಲಗೆ ನರಳಿದವು. ಮುದುಕ ಪಿಯಾನೊದ ಒಂದೊಂದೇ ಮನೆ ಒತ್ತಿ ಒಂಟಿಯಾಗಿ ಬಾರಿಸತೊಡಗಿದ. ಇನ್ನು ಇವನು ಬಾರಿಸುವುದಿಲ್ಲವಲ್ಲ ಅನ್ನಿಸಿ ಕಾಶಿನಾಥನ ಕಣ್ಣಲ್ಲಿ ಧಾರಾಕಾರ ನೀರು ಸುರಿಯಿತು. ಸೆಕೆ ತಾಳಲಾರದೆ ಕಂಬಳಿ ಸರಿಸಿದ. ಅದೇ ಹೊತ್ತಿಗೆ ಪಕ್ಕದ ಮನೆಯ ವರಲಕ್ಷ್ಮಮ್ಮ ಹೆಪ್ಪಿಗೆ ಮೊಸರು ಕೇಳಲು ಲೋಟ ಹಿಡಿದು ಒಳಗೆ ಬಂದರು.

ಆಗಿನ ಕಾಲದ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ರೇಡಿಯೋದಲ್ಲಿ ಹಾಡು, ವಾರ್ತೆ, ಕೃಷಿರಂಗ ಎಲ್ಲ ನಿಂತು, ಮಾತಿಲ್ಲದ ಅಳುಮೋರೆಯ ವಾದ್ಯ ಮಾತ್ರ ಬರತೊಡಗಿತೆಂದರೆ ದೇಶದಲ್ಲಿ ಯಾರೋ ದೊಡ್ಡವರು ಹೋದರೆಂದೇ ಅರ್ಥ. ಹೆಸರು ಆಮೇಲೆ ಹೇಳುತ್ತಿದ್ದರು. ವರಲಕ್ಷ್ಮಮ್ಮ ವಾದ್ಯ ಕೇಳಿದರು. ಕೆಲಸದ ದಿನ ಮನೆಯಲ್ಲಿ ಕಂಬಳಿ ಹೊದ್ದು ಅಳುತ್ತಿರುವ ಗಂಡಸನ್ನು ನೋಡಿದರು. ಲೋಟ ಕೈಜಾರಿತು.

“ಅಯ್ಯಯ್ಯೋ! ಯಾರ್ರೀ ಹೋಗಿದ್ದು ಕಾಶಿನಾಥಪ್ಪಾ?”

ಕಾಶಿನಾಥ ತುಟಿಯ ಮೇಲೆ ಬೆರಳಿಟ್ಟು “ಶ್!” ಅಂದ. ಅವನು ಹೇಳಿದ್ದು ಗದ್ದಲ ಮಾಡಬೇಡಿ ಅಂತ. ಅವರಿಗೆ ಅರ್ಥವಾದದ್ದು, ಹೆಸರನ್ನು ಸರ್ಕಾರ ಇನ್ನೂ ಗುಟ್ಟಾಗಿಟ್ಟಿದೆ ಅಂತ. ವರಲಕ್ಷ್ಮಮ್ಮನ ಬಾಯಿಗೆ ಬಿದ್ದ ಗುಟ್ಟು ಸಂತೆಗೆ ಬಿದ್ದ ಹಾಗೆ. ಮೊಸರನ್ನೂ ಮರೆತು ಓಡಿದರು.

ಐದು ನಿಮಿಷವಾಗಿರಲಿಲ್ಲ, ಗಿರಣಿ ನಿಂತಿತು!

ಕಾಶಿನಾಥ ನಂಬಲಾರದೆ ಕಿವಿ ನಿಮಿರಿಸಿದ. ಸೈಕಲ್ ಷಾಪಿನವನ ಸುತ್ತಿಗೆ ನಿಂತಿತು. ಹೋಟೆಲಿನ ಬಾಗಿಲು ಎಳೆದ ಸದ್ದಾಯಿತು. ರಸ್ತೆಯಲ್ಲಿ ಕೂಗುತ್ತ ಬರುತ್ತಿದ್ದ ಸೊಪ್ಪಿನವಳನ್ನೂ ಯಾರೋ ಗದರಿ ಸುಮ್ಮನಾಗಿಸಿದರು. ಯಶವಂತಪುರಕ್ಕೆ ಯಶವಂತಪುರವೇ ಉಸಿರು ಬಿಗಿಹಿಡಿದು ಕೂತಂತಿತ್ತು. ಆ ಮೌನದಲ್ಲಿ ವೆರೆಸ್ಕಿಯ ಪಿಯಾನೊ ತೊಳೆದಿಟ್ಟ ಬೆಳ್ಳಿಯಂತೆ ಫಳಫಳ ಕೇಳಿಸತೊಡಗಿತು. ಹತ್ತು ವರ್ಷದ ದಾವೆ ಒಂದೇ ಏಟಿಗೆ ಗೆದ್ದವನ ಹಾಗೆ ಕಾಶಿನಾಥ ಕಾಲು ಚಾಚಿ ಕೂತ. ಇನ್ನು ಮೂರನೆಯ ಭಾಗವನ್ನು ತಪ್ಪಿಸುವ ಗಂಡು ಯಾರಿದ್ದಾನೆ?

ಇದ್ದ. ಕೃಷ್ಣಯ್ಯ ಮೇಷ್ಟ್ರು. ರಿಟೈರಾದ ಮೇಲೆ ಬಡಾವಣೆಯ ಸಂಘಕ್ಕೆ ಅಧ್ಯಕ್ಷರಾಗಿದ್ದ ಅವರ ಬಳಿ ಒಂದು ಮೈಕು ಸೆಟ್ಟು ಯಾವಾಗಲೂ ಸಿದ್ಧವಿರುತ್ತಿತ್ತು. ಯಾರೇ ದೊಡ್ಡವರು ಹೋಗಲಿ, ಅರ್ಧ ಗಂಟೆಯೊಳಗೆ ಶ್ರದ್ಧಾಂಜಲಿ ಸಭೆ. ಎರಡನೆಯ ಭಾಗದ ಕೊನೆಯ ಸ್ವರ ಕರಗುತ್ತಿರುವಾಗ ಅವರು ಮುನಿಯಣ್ಣನ ಜೊತೆ ಹೊಸ್ತಿಲಲ್ಲಿ ನಿಂತಿದ್ದರು.

“ಏಳಿ ಕಾಶಿನಾಥ್, ಜನ ಎಲ್ಲಾ ಸೇರಿದಾರೆ. ಸುದ್ದಿ ಮೊದಲು ಕೇಳಿದೋರು ನೀವು. ಬಂದು ಎರಡು ಮಾತಾಡಿ.”

“ಇಲ್ರೀ ಸರ, ಹಂಗೇನ್ ಆಗಿಲ್ರಿ. ನೀವು ತಪ್ಪ್ ತಿಳ್ಕೊಂಡೀರಿ...”

“ಯಾರೂ ಸತ್ತಿಲ್ವಾ?” ಮುನಿಯಣ್ಣನ ಮುಖ ಅರಳಿತು. “ಅಂಗಾರೆ ಈಗ್ಲೇ ಓಗಿ ಮಿಸನ್ ಸುಚ್ ಆಕ್ತೀನಿ. ರಾಗಿ ಅಂಗೇ ಬಿದ್ದೈತೆ!”

ಕಾಶಿನಾಥ ಮನಸ್ಸಿನಲ್ಲೇ ಲೆಕ್ಕ ಹಾಕಿದ. ನಿಜ ಹೇಳಿದರೆ ಗಿರಣಿ ತಿರುಗುತ್ತದೆ, ಮೂರನೆಯ ಭಾಗ ಹಾಳು. ಎರಡು ಮಾತಾಡಿ ಎರಡೇ ನಿಮಿಷದಲ್ಲಿ ಓಡಿ ಬಂದರೆ ಗೆಲುವಿನ ಭಾಗವಾದರೂ ದಕ್ಕುತ್ತದೆ.

“ತಡೀರಿ ಮುನಿಯಣ್ಣಾರ! ಬಂದೆ, ಬಂದೆ. ಗಂಗಾ, ರೇಡಿಯೋ ಹಂಗ ಇರಲಿ. ಮುಟ್ಟಬ್ಯಾಡ!” ಅಂದವನೇ ಬರಿಗಾಲಲ್ಲಿ ಹೊರಟ.

ಗಿರಣಿಯ ಜಗುಲಿಯ ಮೇಲೆ ಮೈಕು ನಿಂತಿತ್ತು. ಮುಂದೆ ಇನ್ನೂರು ಜನ, ರಾಗಿ ಡಬ್ಬಗಳ ಸಮೇತ. ಕಾಶಿನಾಥ ಜನ್ಮದಲ್ಲಿ ಮೈಕು ಮುಟ್ಟಿದವನಲ್ಲ. ಗಂಟಲು ಸರಿಮಾಡಿಕೊಂಡು, “ಅವರು ಭಾಳ ದೊಡ್ಡವರು” ಅಂದ. ಅದು ಸತ್ಯವೇ ಆಗಿತ್ತು. ಸುಳ್ಳು ಹೇಳುವ ಅಗತ್ಯವೇ ಬೀಳಲಿಲ್ಲ. “ಅವರ ಅಪ್ಪ ಚಪ್ಪಲಿ ಹೊಲೀತಿದ್ರು. ಮನ್ಯಾಗ ಒಂದು ವಾದ್ಯ ಇರ್ಲಿಲ್ಲ. ಹಲಗಿ ಮ್ಯಾಲ ಸೀಮೆಸುಣ್ಣದಾಗ ವಾದ್ಯದ ಕರಿ ಬಿಳಿ ಮನಿ ಬರಕೊಂಡು, ಸದ್ದಿಲ್ದ ಬಾರಿಸಿ ಬಾರಿಸಿ ಕಲ್ತ್ರು...”

ಮುಂದಿನ ಸಾಲಿನಲ್ಲಿ ಯಾರೋ ಮೂಗು ಸೀಟಿದರು. ಹತ್ತು ವರ್ಷದಲ್ಲಿ ವೆರೆಸ್ಕಿಯ ಬಗ್ಗೆ ಕಾಶಿನಾಥನ ಮಾತು ಕೇಳುವವರು ಒಬ್ಬರೂ ಸಿಕ್ಕಿರಲಿಲ್ಲ. ಕಾರ್ಖಾನೆಯಲ್ಲಿ ಶುರುಮಾಡಿದರೆ ಎದ್ದುಹೋಗುತ್ತಿದ್ದರು, ಮನೆಯಲ್ಲಿ ಶುರುಮಾಡಿದರೆ ಒಗ್ಗರಣೆ ಚಟಪಟ ಅನ್ನುತ್ತಿತ್ತು. ಈಗ ಇನ್ನೂರು ಜೋಡಿ ಕಣ್ಣು ಅವನ ಮೇಲಿದ್ದವು. ಕಟ್ಟೆ ಒಡೆಯಿತು.

ಯುದ್ಧದಲ್ಲಿ ಎಡಗೈಗೆ ಗಾಯವಾಗಿ ಆಸ್ಪತ್ರೆಯ ಹಾಸಿಗೆಯ ಮೇಲೇ ಬೆರಳಾಡಿಸಿದ್ದನ್ನು ಹೇಳಿದ. ಇನ್ನು ಬಾರಿಸಲಾರೆ ಎಂದ ವೈದ್ಯನನ್ನೇ ಮುಂದಿನ ವರ್ಷ ಕಛೇರಿಯ ಮೊದಲ ಸಾಲಿನಲ್ಲಿ ಕೂರಿಸಿದ್ದನ್ನು ಹೇಳಿದ. “ಆ ಕಡೆ ಎಂಬತ್ತು ಮಂದಿ. ಈ ಕಡೆ ಒಬ್ಬನ ಮುದುಕ. ಒಬ್ಬನ ಒಬ್ಬ!” ಅಂತ ಅವನು ಕೈಯೆತ್ತಿದಾಗ ವರಲಕ್ಷ್ಮಮ್ಮ ಬಿಕ್ಕಿ ಬಿಕ್ಕಿ ಅತ್ತರು. ಮುನಿಯಣ್ಣನ ಕೆನ್ನೆಯ ಹಿಟ್ಟು ಕಣ್ಣೀರಲ್ಲಿ ಕಲಸಿ ಅಂಬಲಿಯಾಯಿತು.

“ಅಲ್ಲ ಸಾಮಿ, ಇಂತಾ ಮನ್ಸ ಎಂಗೆ ಸತ್ತ?” ಅಂತ ಅವನು ಕೇಳಿದ.

ಕಾಶಿನಾಥ ಅಷ್ಟು ಹೊತ್ತಿಗೆ ಯಾರಿಗೂ ಹೆದರುವ ಸ್ಥಿತಿಯಲ್ಲಿರಲಿಲ್ಲ. “ಸತ್ತಿಲ್ಲ! ಬದುಕ್ಯಾರ! ಇವತ್ತ ಕಡೇ ಸಲ ಬಾರಿಸಾಕತ್ಯಾರ, ಅಷ್ಟ!” ಅಂದುಬಿಟ್ಟ.

ಒಂದು ಗಳಿಗೆ ಜನ ಮಿಕಮಿಕ ನೋಡಿದರು. ಈಗ ಬಿತ್ತು ಏಟು ಅಂತ ಅವನು ಕಣ್ಣು ಮುಚ್ಚಿದ. ಆದರೆ ಕಾಲು ಗಂಟೆಯಿಂದ ಆ ಮುದುಕನಿಗಾಗಿ ಅತ್ತವರಿಗೆ ಅವನು ಮನೆಯವನೇ ಆಗಿಹೋಗಿದ್ದ. “ಬದುಕವ್ನಂತೆ ಕಣ್ರಪ್ಪೋ!” ಅಂತ ಮುನಿಯಣ್ಣ ಕುಣಿದೇಬಿಟ್ಟ. ವರಲಕ್ಷ್ಮಮ್ಮ ದೇವರಿಗೆ ಕೈ ಮುಗಿದರು. ಕೃಷ್ಣಯ್ಯ ಮೇಷ್ಟ್ರು ಫೋಟೋಕ್ಕೆಂದು ತಂದಿದ್ದ ಹಾರವನ್ನು ಏನು ಮಾಡುವುದೆಂದು ತಿಳಿಯದೆ ಕಾಶಿನಾಥನ ಕೊರಳಿಗೇ ಹಾಕಿದರು. ಇನ್ನೂರು ಜನ ಚಪ್ಪಾಳೆ ತಟ್ಟಿದರು. ಕಾಶಿನಾಥ ಸ್ವತಃ ತಾನೇ ಪಿಯಾನೊ ಬಾರಿಸಿದವನಂತೆ ಬಾಗಿ ನಮಸ್ಕಾರ ಮಾಡಿದ.

ಜನರ ಚಪ್ಪಾಳೆ ನಿಂತಿತು. ಆದರೂ ಚಪ್ಪಾಳೆ ಕೇಳಿಸುತ್ತಲೇ ಇತ್ತು, ದೂರದಿಂದ, ಸಾವಿರಾರು ಜನರದು. ಅದು ತನ್ನ ಮನೆಯ ಕಿಟಕಿಯಿಂದ ಬರುತ್ತಿದೆ ಅಂತ ತಿಳಿಯಲು ಅವನಿಗೆ ಎರಡು ಗಳಿಗೆ ಬೇಕಾಯಿತು. ಹಾರದ ಸಮೇತ ಜಗುಲಿಯಿಂದ ಧುಮುಕಿ ಓಡಿದ.

ರೇಡಿಯೋದಲ್ಲಿ ಯಾರೋ ಹವಾಮಾನದ ಸುದ್ದಿ ಓದುತ್ತಿದ್ದರು. ಗಂಗಾದೇವಿ ರೇಡಿಯೋದ ಮುಂದೆ ನೆಲದ ಮೇಲೆ ಕೂತಿದ್ದಳು. ಕೈಯಲ್ಲಿ ಹಿಟ್ಟು ಹಾಗೇ ಒಣಗಿತ್ತು, ಕಣ್ಣು ಒದ್ದೆಯಾಗಿತ್ತು, ಮುಖ ದೀಪ ಹಚ್ಚಿದ ಹಾಗಿತ್ತು.

“ಗೆದ್ದ ರೀ!” ಅಂದಳು. “ಮುದುಕ ಒಬ್ಬನ ಅಷ್ಟೂ ಮಂದೀನ ಗೆದ್ದ ನೋಡ್ರಿ! ನಾ ರೊಟ್ಟಿ ಬಡಿಯೂದ ಮರತಬಿಟ್ಟೆ.”

ಕಾಶಿನಾಥ ಅವಳೆದುರು ಕುಸಿದು ಕೂತ. “ಹೆಂಗ ಗೆದ್ದ ಗಂಗಾ? ಕಡೀಕ ಏನ್ ಬಾರಿಸಿದ? ಸ್ವಲ್ಪ ಹೇಳ.”

ಗಂಗಾದೇವಿ ಬಾಯಿ ತೆರೆದಳು. ಎರಡೂ ಕೈ ಗಾಳಿಯಲ್ಲಿ ಆಡಿಸಿದಳು. ಆಮೇಲೆ ತಲೆಯಾಡಿಸಿ ಅಯ್ಯೋ ಪಾಪ ಅನ್ನುವಂತೆ ಗಂಡನ ಕಡೆ ನೋಡಿದಳು.

“ಅದನ್ನ ಹೇಳಾಕ ಬರಂಗಿಲ್ಲರಿ. ಕೇಳಬೇಕು.”

ಎದುರುಗಡೆ ಮುನಿಯಣ್ಣ ಸ್ವಿಚ್ಚು ಹಾಕಿದ.