ಫೈರ್ ಎಂಜಿನ್ನಿಗೆ ಬೆಲ್ಲ ನೀರು

ಈಗ ಹೇಳಹೊರಟಿರುವ ಸಂಗತಿ ನಿಜವಾಗಿ ನಡೆದದ್ದೇ ಎಂದು ಯಾರಾದರೂ ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಿ ಕೇಳಿದರೆ, ಅರ್ಧ ನಿಜ ಎಂದು ಧೈರ್ಯವಾಗಿ ಹೇಳಬಲ್ಲೆ. ಯಾವ ಅರ್ಧ ಎಂದು ಕೇಳಿದರೆ ಕಟಕಟೆಯಿಂದ ಇಳಿದು ಮನೆಗೆ ಹೋಗುತ್ತೇನೆ. ವರ್ಷ ಯಾವುದೆಂಬುದೇ ಸರಿಯಾಗಿ ನೆನಪಿಲ್ಲ. ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿತ್ತು, ಆದರೆ ಸೇರಿದ ಸುದ್ದಿ ಇನ್ನೂ ಎಲ್ಲರಿಗೂ ಮುಟ್ಟಿರಲಿಲ್ಲ, ಅಂಥ ಒಂದು ಕಾಲ. ಎಂಜಿನ್ನಿನ ಬಣ್ಣ ಕೆಂಪು ಎಂದು ನನ್ನ ನೆನಪು. ಧೂಳಿನ ಬಣ್ಣ ಎಂದು ಮೋನಪ್ಪ ಮಾವನ ನೆನಪು. ಮದರಾಸಿನ ಕಾಲೇಜಿನಲ್ಲಿ ವಿಜ್ಞಾನ ಓದಿ ನಾನು ಕಲಿತ ಮುಖ್ಯ ಪಾಠವೆಂದರೆ ಯಾವುದನ್ನೂ ಸುಲಭಕ್ಕೆ ನಂಬಬಾರದು ಎಂಬುದು. ಅದನ್ನು ಮೊದಮೊದಲು ಬೇರೆಯವರ ಮೇಲೆ ಪ್ರಯೋಗಿಸುತ್ತಿದ್ದೆ. ವಯಸ್ಸಾದ ಮೇಲೆ ನನ್ನ ಮೇಲೆಯೇ ಪ್ರಯೋಗವಾಗುತ್ತಿದೆ.

ಒಂದು ವಿಷಯದಲ್ಲಿ ಮಾತ್ರ ನನಗೆ ಎಂದೂ ಸಂಶಯವಿರಲಿಲ್ಲ. ಆ ದಿನ ನನ್ನ ಪ್ಯಾಂಟು ಸುಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಪುಂಜಾಲಕಟ್ಟೆಯಲ್ಲಿ ಹಳಬರನ್ನು ಯಾರನ್ನು ಕೇಳಿದರೂ ಸುಟ್ಟಿತು ಎನ್ನುತ್ತಾರೆ. ಸುಳ್ಳು ಬೆಳೆಯುವ ಕ್ರಮವನ್ನು ನಾನು ಶಾಸ್ತ್ರೀಯವಾಗಿ ಗಮನಿಸಿದ್ದೇನೆ. ಪುಂಜಾಲಕಟ್ಟೆಯಲ್ಲಿ ಪ್ಯಾಂಟಿನ ಅಂಚು ಕರಟಿತ್ತು. ಬೆಳ್ತಂಗಡಿಯ ಸಂತೆಗೆ ಹೋಗುವಷ್ಟರಲ್ಲಿ ಮೊಣಕಾಲಿನವರೆಗೆ ಹೋಗಿತ್ತು. ಮಿಜಾರಿಗೆ ಮುಟ್ಟುವಾಗ ನನ್ನ ಮೈಮೇಲೆ ಮಾವನ ಹೆಗಲ ಮೇಲಿನ ಬೈರಾಸು ಒಂದು ಬಿಟ್ಟು ಬೇರೇನೂ ಇರಲಿಲ್ಲ. ಸೋಮವಾರ ನಾನು ಮೂಡಬಿದ್ರೆಯ ಶಾಲೆಗೆ ಹೋದಾಗ ಕಥೆ ನನಗಿಂತ ಮೊದಲೇ ತಲುಪಿ ಬೆಂಚಿನ ಮೇಲೆ ಕುಳಿತಿತ್ತು.

ಆಗ ನಾನು ಆ ಹೈಸ್ಕೂಲಿನಲ್ಲಿ ತಾತ್ಕಾಲಿಕ ವಿಜ್ಞಾನ ಮಾಸ್ತರ. ಜೂನ್ ತಿಂಗಳಲ್ಲಿ ಕೆಲಸ ಖಾಯಂ ಆಗುವುದಿತ್ತು. ಆಗದೇ ಇರುವುದಕ್ಕೂ ಅವಕಾಶವಿತ್ತು. ಶನಿವಾರ ಬಂತೆಂದರೆ ಪುಂಜಾಲಕಟ್ಟೆಯ ಹತ್ತಿರ ರಸ್ತೆ ಬದಿಯಲ್ಲೇ ಇದ್ದ ಮೋನಪ್ಪ ಮಾವನ ಮನೆಗೆ ಹೋಗುತ್ತಿದ್ದೆ. ಮದರಾಸಿನಲ್ಲಿ ಹೊಲಿಸಿದ ಬಿಳಿ ಡ್ರಿಲ್ ಬಟ್ಟೆಯ ಪ್ಯಾಂಟು ಹಾಕಿಕೊಂಡು, ಉರಿ ಬಿಸಿಲಿನಲ್ಲಿ ಮಾವನ ಜಗಲಿಯ ಮೇಲೆ ಕುಳಿತು, ದೇಶ ಹಿಂದುಳಿಯಲು ಕಾರಣಗಳನ್ನು ವಿವರಿಸುತ್ತಿದ್ದೆ. ಮಾವ ಎಲ್ಲವನ್ನೂ ಕೇಳಿ "ಹೌದಾ" ಎನ್ನುತ್ತಿದ್ದರು. ಕಮಲತ್ತೆ ಅಷ್ಟೂ ಹೇಳುತ್ತಿರಲಿಲ್ಲ.

ಆ ಶನಿವಾರ ಅತ್ತೆ ಅಂಗಳದಲ್ಲಿ ಕುಚ್ಚಲಕ್ಕಿಗಾಗಿ ಭತ್ತ ಬೇಯಿಸುತ್ತಿದ್ದರು. ಒಲೆಯ ಕಿಡಿ ಹಾರಿ ಬೈಹುಲ್ಲಿನ ರಾಶಿಗೆ ಹಿಡಿಯಿತು. ಮಾವ ಕೊಡಪಾನ ಹುಡುಕಿದರು. ಅತ್ತೆ ದನಗಳಿಗೆಂದು ಅಕ್ಕಿ ತೊಳೆದ ಅಕ್ಕಚ್ಚು ಇಟ್ಟಿದ್ದ ಬಾಲ್ದಿಯನ್ನೇ ಎತ್ತಿಕೊಂಡು ಓಡಿದರು. ನಾನು ಮಾತ್ರ ನಾಗರಿಕನಂತೆ ವರ್ತಿಸಿದೆ. "ಇದು ಹೀಗೆಲ್ಲ ಆಗುವ ಕೆಲಸವಲ್ಲ ಮಾವ. ಮಂಗಳೂರಿನಲ್ಲಿ ಫೈರ್ ಎಂಜಿನ್ ಉಂಟು. ಫೋನು ಮಾಡ್ತೇನೆ" ಎಂದೆ.

"ಫೋನು ಎಲ್ಲಿ ಉಂಟು?" ಎಂದರು ಮಾವ, ಬಾಲ್ದಿ ಎತ್ತುತ್ತ.

ಫೋನು ಬಂಟ್ವಾಳದಲ್ಲಿತ್ತು, ಒಂದು ಅಕ್ಕಿ ಮಿಲ್ಲಿನಲ್ಲಿ. ಬಂಟ್ವಾಳಕ್ಕೆ ಹೋಗಲು ಬಸ್ಸು ಬೇಕಿತ್ತು. ಬಸ್ಸು ಕಟ್ಟೆಯ ಹತ್ತಿರ ನಿಂತೇ ಇತ್ತು, ಆದರೆ ಕಂಡಕ್ಟರ್ ಚಾ ಕುಡಿಯುತ್ತಿದ್ದ. ಮನೆಗೆ ಬೆಂಕಿ ಬಿದ್ದಿದೆ ಎಂದೆ. ಅವನು ನಿಜವಾಗಿಯೂ ನೊಂದುಕೊಂಡ. "ಪಾಪ. ಕುಳಿತುಕೊಳ್ಳಿ ಮಾಷ್ಟ್ರೇ. ಟೈಮಾದ ಕೂಡಲೇ ಬಿಡುವ" ಎಂದು ಹೇಳಿ ಇನ್ನೊಂದು ಚಾ ತರಿಸಿದ, ನನಗೆ. ಕುಡಿದೆ. ಕುಡಿದದ್ದು ತಪ್ಪು ಎಂದು ಈಗಲೂ ಅನ್ನಿಸುತ್ತದೆ, ಆದರೆ ಚಾ ಚೆನ್ನಾಗಿತ್ತು ಎಂಬ ನೆನಪು ಸ್ಪಷ್ಟವಾಗಿದೆ.

ಮಿಲ್ಲಿನಲ್ಲಿ ಲೈನು ಸಿಗಲು ಒಂದು ಗಂಟೆ ಹಿಡಿಯಿತೋ ಎರಡೋ. ಎಂಜಿನ್ನು ಬಂಟ್ವಾಳಕ್ಕೆ ಬಂದಾಗ ದಾರಿ ತೋರಿಸಲು ನಾನೂ ಹತ್ತಿಕೊಂಡೆ. ದಳದ ಮುಖ್ಯಸ್ಥರು ಘಟ್ಟದ ಮೇಲಿನವರು, ದೊಡ್ಡ ಮೀಸೆ, ಸಣ್ಣ ಮಾತು. ಡ್ರೈವರ್ ಲೋಕಯ್ಯ ನಮ್ಮ ಕಡೆಯವನೇ. ಹಿಂದೆ ಇನ್ನಿಬ್ಬರು ಸಿಬ್ಬಂದಿ. ಗಂಟೆ ಬಾರಿಸುವ ಹಗ್ಗ ನನ್ನ ಕೈಗೆ ಸಿಕ್ಕಿತ್ತು. ಎಳೆದೆ. ಜೀವನದಲ್ಲಿ ಅಷ್ಟು ದೊಡ್ಡ ಸದ್ದನ್ನು ನಾನು ಅದಕ್ಕೆ ಮೊದಲೂ ಮಾಡಿಲ್ಲ, ಆಮೇಲೂ ಮಾಡಿಲ್ಲ. ತೊಂದರೆಯಾದದ್ದೆಂದರೆ, ನಮ್ಮ ರಸ್ತೆಯಲ್ಲಿ ಬದಿಗೆ ನಿಂತು ಕೈ ತೋರಿಸಿದವರನ್ನು ಯಾವ ವಾಹನವೂ ಬಿಟ್ಟು ಹೋಗುವ ಪದ್ಧತಿ ಇರಲಿಲ್ಲ. ಲೋಕಯ್ಯ ಪದ್ಧತಿ ಬಿಡುವವನಲ್ಲ. "ಹೇಗೂ ಆ ಕಡೆಗೇ ಹೋಗುದಲ್ಲಾ ಸರ್" ಎನ್ನುತ್ತಿದ್ದ. ಪುಂಜಾಲಕಟ್ಟೆ ಮುಟ್ಟುವಾಗ ಏಣಿಯ ಪಕ್ಕದಲ್ಲಿ ಮದುವೆಗೆ ಹೊರಟ ಇಬ್ಬರು ಹೆಂಗಸರೂ ಒಂದು ಹಲಸಿನ ಹಣ್ಣೂ ಇದ್ದದ್ದು ನನಗೆ ನೆನಪಿದೆ. ಹಣ್ಣಿನ ಬಗ್ಗೆ ಪ್ರಮಾಣ ಮಾಡಲಾರೆ.

ಮನೆಯ ಅಂಗಳಕ್ಕೆ ಎಂಜಿನ್ನು ನುಗ್ಗಿ ನಿಂತಿತು. ಮಾವ ಊಟ ಮುಗಿಸಿ ಜಗಲಿಯಲ್ಲಿ ವೀಳ್ಯ ಹಾಕುತ್ತಿದ್ದರು.

"ಬೆಂಕಿ ಎಲ್ಲಿ?" ಎಂದರು ಮುಖ್ಯಸ್ಥರು.

"ಇತ್ತು" ಎಂದರು ಮಾವ, ಮದುವೆಯೂಟಕ್ಕೆ ತಡವಾಗಿ ಬಂದವರಿಗೆ ಪಾಯಸ ಮುಗಿಯಿತು ಎಂದು ಹೇಳುವ ಸಂಕೋಚದಿಂದ. "ಹನ್ನೊಂದು ಗಂಟೆವರೆಗೆ ಒಳ್ಳೆದೇ ಇತ್ತು. ನೀವು ಬರುವಾಗ ಸ್ವಲ್ಪ ತಡ ಆಯ್ತು."

"ಬೂದಿಯಾದರೂ ತೋರಿಸಿ."

ಬೂದಿಯೂ ಇರಲಿಲ್ಲ. ಮಂಗಳೂರಿನಿಂದ ಜನ ಬರುತ್ತಾರೆ ಎಂದು ಅತ್ತೆ ಅದನ್ನೆಲ್ಲ ಬಾಚಿ ಗೊಬ್ಬರದ ಗುಂಡಿಗೆ ಹಾಕಿಸಿ, ಅಂಗಳ ಗುಡಿಸಿ, ಸೆಗಣಿ ಸಾರಿಸಿದ್ದರು. ಅಷ್ಟು ಚೊಕ್ಕವಾದ ಅಂಗಳವನ್ನು ಆ ಮನೆಯಲ್ಲಿ ನಾನು ಹಬ್ಬಕ್ಕೂ ಕಂಡದ್ದಿಲ್ಲ. ಮುಖ್ಯಸ್ಥರು ಜೇಬಿನಿಂದ ಪುಸ್ತಕ ತೆಗೆದರು.

"ಹಾಗಾದರೆ ಸುಳ್ಳು ಕರೆ ಅಂತ ಬರೀತೀನಿ. ಕರೆ ಮಾಡಿದೋರು ನೀವಲ್ವಾ? ಕೆಲಸ ಏನು?"

"ಅಧ್ಯಾಪಕ" ಎಂದೆ.

"ಶಾಲೆಗೂ ಒಂದು ಕಾಪಿ ಹೋಗುತ್ತೆ."

ಜೂನ್ ತಿಂಗಳು ನನ್ನ ಕಣ್ಣ ಮುಂದೆ ಬಂದು ನಿಂತು, ತಲೆಯಾಡಿಸಿ, ಹೊರಟುಹೋಯಿತು. ಅಷ್ಟರಲ್ಲಿ ಅತ್ತೆ ತಟ್ಟೆಯಲ್ಲಿ ಬೆಲ್ಲವನ್ನೂ ಚೆಂಬಿನಲ್ಲಿ ನೀರನ್ನೂ ತಂದಿಟ್ಟರು. ಮನೆಗೆ ಯಾರೇ ಬಂದರೂ ಮೊದಲು ಬೆಲ್ಲ ನೀರು, ಆಮೇಲೆ ಮಾತು. ಮುಖ್ಯಸ್ಥರು ಪುಸ್ತಕ ಮಡಚಿ ಕೂರಲೇಬೇಕಾಯಿತು. ಮಾವ ನನ್ನನ್ನು ಮನೆಯ ಹಿಂದಕ್ಕೆ ಎಳೆದುಕೊಂಡು ಹೋದರು.

"ಅಷ್ಟು ದೂರದಿಂದ ಬಂದವರನ್ನು ಬರಿಗೈಯಲ್ಲಿ ಕಳಿಸುದಾ? ಎಂಥ ಮರ್ಯಾದೆ ಅದು? ಗದ್ದೆ ಬದಿಯಲ್ಲಿ ಅರ್ಧ ಕೊಳೆತ ಹುಲ್ಲು ಉಂಟು. ಒಂದು ಸಣ್ಣ ಬೆಂಕಿ ಮಾಡುವ. ಅವರು ಆರಿಸಲಿ. ಅವರಿಗೂ ಸಮಾಧಾನ, ನಿನ್ನ ಕೆಲಸವೂ ಉಳೀತದೆ."

"ಮಾವ, ಇದು ಮೋಸ" ಎಂದೆ.

"ಬೆಂಕಿ ನಿಜವಾದದ್ದೇ ಅಲ್ವಾ ಮಾರಾಯ?"

ತರ್ಕದಲ್ಲಿ ದೋಷ ಹುಡುಕಿದೆ. ಸಿಗಲಿಲ್ಲ. ಇಬ್ಬರೂ ಚಿಮಿಣಿ ಎಣ್ಣೆಯ ಡಬ್ಬ ಹಿಡಿದು ಗದ್ದೆಗೆ ಇಳಿದೆವು.

ಇಲ್ಲಿಂದ ಮುಂದೆ ಎರಡು ಕಥೆಗಳಿವೆ. ಕಡ್ಡಿ ಗೀರಿದವನು ನಾನು, ಅದೂ ಎಣ್ಣೆಯ ಅರ್ಧವನ್ನು ನನ್ನ ಕಾಲಿನ ಮೇಲೆಯೇ ಚೆಲ್ಲಿಕೊಂಡು ಎಂದು ಮಾವ ಸಾಯುವವರೆಗೂ ಹೇಳುತ್ತಿದ್ದರು. ಗೀರಿದವರು ಮಾವ, ನಾನು ಹತ್ತು ಹೆಜ್ಜೆ ದೂರ ನಿಂತು ಗಾಳಿಯ ದಿಕ್ಕನ್ನು ನೋಡುತ್ತಿದ್ದೆ ಎಂಬುದು ನನ್ನ ನೆನಪು. ಹತ್ತು ಹೆಜ್ಜೆ ದೂರ ನಿಂತವನ ಪ್ಯಾಂಟು ಸುಡುವುದಿಲ್ಲ. ನನ್ನ ಇಡೀ ವಾದ ಆ ಪ್ಯಾಂಟಿನ ಮೇಲೆ ನಿಂತಿತ್ತು.

ಬೆಂಕಿ ಮಾತ್ರ ಸಣ್ಣದಾಗಿರಲಿಲ್ಲ. ಮೇಲೆ ಕೊಳೆತಂತೆ ಕಂಡ ಹುಲ್ಲು ಒಳಗೆ ಗರಿಗರಿಯಾಗಿತ್ತು. ದಹನಕ್ಕೆ ಏನೇನು ಬೇಕು ಎಂದು ಹಿಂದಿನ ವಾರವಷ್ಟೇ ಮಕ್ಕಳಿಗೆ ಪಾಠ ಮಾಡಿದ್ದೆ. ಅದೆಲ್ಲವೂ ಅಲ್ಲಿ ಧಾರಾಳವಾಗಿತ್ತು. ಜ್ವಾಲೆ ಹಟ್ಟಿಯ ಕಡೆಗೆ ವಾಲಿತು. ಒಳಗೆ ದನಗಳು ಕೂಗಿಕೊಂಡವು. ನಾವಿಬ್ಬರೂ ಅಂಗಳಕ್ಕೆ ಓಡಿ ಬಂದು, ಅಪಾರ ಗೌರವದಿಂದ, "ಬೆಂಕಿ ತಯಾರುಂಟು, ಬೇಗ ಬನ್ನಿ" ಎಂದೆವು.

ಮುಖ್ಯಸ್ಥರು ಎದ್ದರು. "ಲೋಕಯ್ಯ, ನೀರು ಬಿಡು."

ಲೋಕಯ್ಯ ಎಂಜಿನ್ನಿನ ಪಕ್ಕದಲ್ಲಿ ಖಾಲಿ ಪೈಪು ಸುತ್ತುತ್ತಿದ್ದ. "ನೀರು ಬಿಟ್ಟಾಯ್ತಲ್ಲಾ ಸರ್."

"ಎಲ್ಲಿಗೆ?"

"ಈ ಮನೆ ಅಕ್ಕನ ಹಂಡೆಗಳಿಗೆ. ಬಾವಿ ತಳ ಕಂಡಿದೆಯಂತೆ. ಹೇಗೂ ಬೆಂಕಿ ಇಲ್ಲ, ಅಷ್ಟು ಭಾರ ಯಾಕೆ ಹೊತ್ತುಕೊಂಡು ಹೋಗುದು, ಇಲ್ಲೇ ಹಾಕಿ ಹೋಗು ಹೇಳಿದ್ರು."

ಅಡುಗೆಮನೆಯ ಹಂಡೆ, ಬಚ್ಚಲಿನ ಹಂಡೆ, ಭತ್ತ ಬೇಯಿಸುವ ದೊಡ್ಡ ಹಂಡೆ, ದನದ ಬಾನಿ, ಎಲ್ಲ ತುಂಬಿ ತುಳುಕುತ್ತಿದ್ದವು. ಅತ್ತೆ ಹೊರಗೆ ಬಂದು ಗದ್ದೆಯ ಕಡೆ ಒಮ್ಮೆ, ನಮ್ಮಿಬ್ಬರ ಕಡೆ ಒಮ್ಮೆ ನೋಡಿದರು.

"ಬೆಳಿಗ್ಗೆ ಒಂದು ಆರಿಸಿಯಾಯ್ತು. ಇನ್ನು ಎಷ್ಟು ಉಂಟು ಈ ದಿನಕ್ಕೆ? ಒಟ್ಟಿಗೇ ಹೇಳಿ" ಎಂದರು.

ಆಮೇಲೆ ಏನಾಯಿತೆಂದರೆ, ಸರಕಾರದ ಸಮವಸ್ತ್ರ ಧರಿಸಿದ ನಾಲ್ಕು ಜನ, ಮದುವೆಗೆ ಹೊರಟಿದ್ದ ಇಬ್ಬರು ಹೆಂಗಸರು, ಮಾವ ಮತ್ತು ನಾನು ಸಾಲಾಗಿ ನಿಂತು, ಅತ್ತೆಯ ಅಪ್ಪಣೆಯಂತೆ ಬಾಲ್ದಿ ದಾಟಿಸಿದೆವು. ಹಟ್ಟಿ ಉಳಿಯಿತು. ದನಗಳು ಉಳಿದವು. ಬಚ್ಚಲಿನ ಹಂಡೆಯನ್ನು ಮುಟ್ಟಲು ಅತ್ತೆ ಕೊನೆಯವರೆಗೂ ಬಿಡಲಿಲ್ಲ. ಮುಖ್ಯಸ್ಥರು ಒದ್ದೆ ಮೀಸೆಯಿಂದ ನೀರು ಹಿಂಡುತ್ತ ಪುಸ್ತಕ ತೆರೆದರು. ನನ್ನನ್ನು ಬಹಳ ಹೊತ್ತು ನೋಡಿದರು. ಏನೋ ಬರೆದರು. ಅತ್ತೆಗೆ ಕೈ ಮುಗಿದು ಎಂಜಿನ್ ಹತ್ತಿದರು. ಹಲಸಿನ ಹಣ್ಣು ನಮ್ಮಲ್ಲೇ ಉಳಿಯಿತು ಎಂದು ಕಾಣುತ್ತದೆ.

ಜೂನ್ ತಿಂಗಳಲ್ಲಿ ನನ್ನ ಕೆಲಸ ಖಾಯಂ ಆಯಿತು. ಶಾಲೆಗೆ ಯಾವ ಕಾಗದವೂ ಬರಲಿಲ್ಲ. ಯಾಕೆ ಬರಲಿಲ್ಲ ಎಂಬ ಪ್ರಶ್ನೆ ಮಾತ್ರ ನನ್ನೊಳಗೆ ಉಳಿದುಬಿಟ್ಟಿತು. ಜೊತೆಗೆ, ಪ್ಯಾಂಟಿನ ಮಾತು ಎತ್ತಿದವರಿಗೆಲ್ಲ ಸಾಮೂಹಿಕ ಭ್ರಮೆ ಹೇಗೆ ಹುಟ್ಟುತ್ತದೆ ಎಂದು ಉಪನ್ಯಾಸ ಕೊಡುವ ಅಭ್ಯಾಸವೂ ಉಳಿಯಿತು. ಆ ಪ್ಯಾಂಟನ್ನು ತೋರಿಸಿ ಎಂದು ಯಾರೋ ಒಮ್ಮೆ ಕೇಳಿದರು. ಅಷ್ಟು ಹಳೆಯ ಪ್ಯಾಂಟು ಯಾರ ಮನೆಯಲ್ಲಿರುತ್ತದೆ ಎಂದು ನಾನು ಮರುಪ್ರಶ್ನೆ ಹಾಕಿದೆ.

ನಿವೃತ್ತನಾದ ಮೇಲೆ ಒಂದು ದಿನ ಮಂಗಳೂರಿಗೆ ಹೋದವನು, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಗ್ನಿಶಾಮಕ ಠಾಣೆಯಲ್ಲಿ ಗುಮಾಸ್ತನಾಗಿರುವುದು ತಿಳಿದು, ಹಳೆಯ ದಾಖಲೆ ಪುಸ್ತಕಗಳನ್ನು ತೆಗೆಸಿದೆ. ಗೆದ್ದಲು ತಿಂದ ಪುಟಗಳ ನಡುವೆ ನಮ್ಮ ಪುಟ ಮಾತ್ರ, ನನ್ನ ದುರದೃಷ್ಟಕ್ಕೆ, ಪೂರ್ತಿಯಾಗಿ ಉಳಿದಿತ್ತು. ಬೆಂಕಿ ಬಿದ್ದದ್ದು: ಬೈಹುಲ್ಲಿಗೆ. ನಂದಿಸಿದ್ದು: ದಳದ ನೀರಿನಿಂದ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಹಂಡೆಯಲ್ಲಿದ್ದದ್ದು ದಳದ ನೀರೇ. ಕಾರಣ: ತಿಳಿದುಬಂದಿಲ್ಲ. ಆ ಮೀಸೆಯ ಮನುಷ್ಯನಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ಎಂಜಿನ್ನಿನ ಬಣ್ಣ, ಚಾ, ಹಲಸಿನ ಹಣ್ಣು, ಯಾವುದರ ಸುದ್ದಿಯೂ ಅಲ್ಲಿರಲಿಲ್ಲ. ಪುಸ್ತಕ ಮುಚ್ಚುವವನಿದ್ದೆ. ನನ್ನ ವಿದ್ಯಾರ್ಥಿ, ವಿನಯದಿಂದ, ಕೆಳಗಿನ ಸಾಲಿನ ಮೇಲೆ ಬೆರಳಿಟ್ಟ. ಕನ್ನಡಕ ಒರೆಸಿ ಎರಡು ಸಲ ಓದಿದೆ. ಆದ್ದರಿಂದ ಇದೊಂದನ್ನು ನೀವು ಸಂಶಯವಿಲ್ಲದೆ ನಂಬಬಹುದು. ಹಾನಿ: ಪ್ಯಾಂಟು, ಬಿಳಿ, ಒಂದು, ಕರೆ ಮಾಡಿದವರದ್ದು.