ಕಾಲೇಜು ಉಳಿಸಿದಾವ ನಾನು

ಸಾಲಿ ಕಟ್ಟಿ ಹತ್ತಲಾರದ ನನಗ ಈ ವಯಸ್ಸಿನ್ಯಾಗ ಕಾಲೇಜಿನ ಸಂಗತಿಗೋಳು ಬೆನ್ನು ಬಿಡವಲ್ಲವು. ರಾಯಬಾಗ ರಸ್ತಾದಾಗ, ಕಬ್ಬಿನ ಹೊಲದ ನಡುವ ಒಂದು ಖಾಸಗಿ ಆರ್ಟ್ಸ್ ಕಾಲೇಜು ಐತಿ. ನನ್ನ ಮೊಮ್ಮಗಳು ಅಲ್ಲೇ ಬಿ.ಎ. ಕಡೀ ವರ್ಷ. ಹುಡುಗೂರು ಕಡಿಮಿ ಆಗಿ ಕಾಲೇಜು ಮುಚ್ಚತೈತಿ ಅಂತ ಸುದ್ದಿ. "ಮುಚ್ಚಿದ್ರ ಸದಲಗಾದ ವರ ತಯಾರದಾನ," ಅಂತ ನನ್ನ ಮಗ ಅಕಿಗೆ ಹೇಳಿಬಿಟ್ಟಾನ. ಅಕಿಗೆ ಓದು ಮುಗಿಸೂ ಹಟ.

ಒಂದ ಜ್ವರ

ಒಂದಿನ ಮುಂಜಾನೆ ಹೋದಾಕಿ ಹಂಗ ಹೊಳ್ಳಿ ಬಂದ್ಲು.

"ಯಾಕವಾ?"

"ಇತಿಹಾಸದ ಸರ್‌ಗೆ ಜ್ವರ ಬಂದಾವ, ಮುತ್ಯಾ."

ನನಗ ಹುಟ್ಟಿದಾಗಿಂದ ಜ್ವರ ಬಂದಿಲ್ಲ. ಒಮ್ಮೆ ಬಂದಿತ್ತು, ನನ್ನ ಮೈ ಮುಟ್ಟಿ ಅದ ಹಾಸಗಿ ಹಿಡೀತು. "ಉಳಿದ ಸರ್‌ಗೋಳು ಇಲ್ಲೇನು?" ಅಂದೆ.

"ಎಲ್ಲಾ ವಿಷಯಕ್ಕೂ ಅವರೊಬ್ಬರ. ಇತಿಹಾಸಕ್ಕ ಜ್ವರ ಬಂದ್ರ ಅರ್ಥಶಾಸ್ತ್ರಾನೂ ಮಲಗತೈತಿ."

ಗ್ರಂಥಾಲಯದ ಕೀಲಿ

ಗ್ರಂಥಾಲಯಕ್ಕ ಯಾವಾಗೂ ಕೀಲಿ, ಪುಸ್ತಕಾನ ಕೊಡವಲ್ರು ಅಂದ್ಲು ಮೊಮ್ಮಗಳು. ಪ್ರಾಯದಾಗ ಉಗಾರದ ಹತ್ರ ತುಂಬಿದ ಕೃಷ್ಣಾ ಹೊಳೀನ, ಎರಡೂ ಬಗಲಾಗ ಒಂದೊಂದು ಎತ್ತು ಇಟಗೊಂಡು ದಾಟಿದಾವ ನಾನು. ನನಗ ಕೀಲಿ ಯಾವ ಲೆಕ್ಕ? ಹೋಗಿ ಕಾಲೇಜಿನ ಸಿಪಾಯಿ ಕಡಿಂದ ಬಾಗಲಾ ತೆಗಿಸಿದೆ. ಒಳಗ ಕಾಲೇಜಿನ ಚೇರಮನ್ನರ ತ್ವಾಟದ ಒಣದ್ರಾಕ್ಷಿ ಪೆಟಗಿ, ಮಾಳಗಿ ಮುಟ್ಟೂತನ. ಪುಸ್ತಕದ ಕಪಾಟು ಅದರ ಹಿಂದ ಸಿಕ್ಕೊಂಡಾವ.

"ಪುಸ್ತಕ ಯಾವಾಗ ಸಿಗತಾವೋ ತಮ್ಮಾ?"

ಸಿಪಾಯಿ ಅಂದ, "ದ್ರಾಕ್ಷಿಗೆ ರೇಟ್ ಬಂದ ಮ್ಯಾಲ ಬರ್ರಿ, ಯಜಮಾನ್ರ."

ಒಂದು ಹಿಡಿ ಒಣದ್ರಾಕ್ಷಿ ತಂದು ಮೊಮ್ಮಗಳ ಕೈಯಾಗಿಟ್ಟೆ. "ಸದ್ಯಾ ಇತಿಹಾಸ ಇಷ್ಟ ಸಿಕ್ಕೈತಿ. ತಿನ್ನು."

ತಪಾಸಣಿ

ಕಾಲೇಜು ಇಡಬೇಕೋ ಮುಚ್ಚಬೇಕೋ ಅಂತ ನೋಡಾಕ ಯುನಿವರ್ಸಿಟಿ ಸಾಹೇಬ ಬರೂ ದಿನ ಬಂತು. ಸುಗ್ಗಿ ಹೊತ್ತು, ಇದ್ದ ಹುಡುಗೂರೂ ಕಬ್ಬು ಕಡಿಯಾಕ ಹೋಗ್ಯಾರ. ಪ್ರಿನ್ಸಿಪಾಲರು ಊರ ಮಂದೀನ ಕರತಂದು ಬೆಂಚು ತುಂಬಿದ್ರು: ಚಹಾದಂಗಡಿಯಾವ, ಹಾಲಿನ ಡೇರಿಯಾವ, ಟ್ರ್ಯಾಕ್ಟರ್ ಡ್ರೈವರ್. ನನ್ನ ಮೀಸಿ ನೋಡಿ ಮುಂದಿನ ಬೆಂಚ ಕೊಟ್ರು.

ಸಾಹೇಬ ನನ್ನ ಮುಂದ ಬಂದು ನಿಂತ. "ಅಜ್ಜಾರ, ನೀವೂ ವಿದ್ಯಾರ್ಥೀನಾ?"

"ಹೌದ್ರಿ. ನಿಮ್ಮಪ್ಪಾರ ಜೋಡಿ ಪಾಸಾಗಬೇಕಿತ್ತು, ಸ್ವಲ್ಪ ತಡಾ ಆತು."

ಸಾಹೇಬ ನಕ್ಕ. ಪ್ರಿನ್ಸಿಪಾಲರಿಗೆ ಜೀವ ಬಂತು.

ಮಧ್ಯಾಹ್ನ ಊಟಕ್ಕ ಕುಂತ್ವಿ. ಒಂದಿನಾನೂ ಕ್ಲಾಸ್ ತಪ್ಪಸಲಾರದ ನನ್ನ ಮೊಮ್ಮಗಳನ್ನ ಅವತ್ತ ಮುಂಜಾನಿಂದ ಹೋಳಗಿ ಮಾಡಾಕ ಹಚ್ಚಿದ್ರು. ಕೈಗೆ ಹಿಟ್ಟು ಹತ್ತಿದ್ದು ಹಂಗ ಇತ್ತು, ಬಡಿಸಾಕ ಬಂದ್ಲು.

"ಹೋಳಗಿ ಛಲೋ ಆಗ್ಯಾವ," ಅಂದ ಸಾಹೇಬ. "ಎಲ್ಲೀತನಾ ಓದೀಯವಾ?"

"ಇಲ್ಲೇ ರಿ, ಬಿ.ಎ. ಕಡೀ ವರ್ಷ."

"ಹಂಗಾರ ಕ್ಲಾಸಿನ್ಯಾಗ ಯಾಕ ಕಾಣಲಿಲ್ಲ?"

ಅಕಿ ನನ್ನ ಕಡೆ ನೋಡಿದ್ಲು. ಪ್ರಿನ್ಸಿಪಾಲರು ತಮ್ಮ ತಾಟು ನೋಡಿದ್ರು.

"ನನ್ನ ಜಾಗಾದಾಗ ನಮ್ಮ ಮುತ್ಯಾ ಕುಂತಿದ್ದ ರಿ."

ಸಾಹೇಬ ತುಪ್ಪಕ್ಕ ತಾಟು ಮುಂದ ಮಾಡಿದ. ಕಾಲೇಜು ಉಳಿದದ್ದು ನನಗ ಅಲ್ಲೇ ಗೊತ್ತಾತು.

"ಇರಲಿ ಬಿಡವಾ," ಅಂದ ಸಾಹೇಬ, "ಮನಿಯಾವರೊಬ್ಬರು ಹಾಜರ್ ಅದಾರಲ್ಲ."